ಅವ್ವನ ಬೆಂಕಿ ಯಾರ ಕೈಯದು

ಕುಂಬಾರಕೊಪ್ಪಲು, ಮೈಸೂರು
8–9–1952

ಚೆಲುವರಾಜನಿಗೆ ಅಣ್ಣ ಪುಟ್ಟಸ್ವಾಮಿ ಬರೆಯುವುದು.

ನಾವು ಇಲ್ಲಿ ಇದ್ದೇವೆ. ನೀನು ಅಲ್ಲಿ ಹೇಗಿದ್ದೀಯೆಂದು ಕೇಳುವ ಕೆಲಸ ತಪ್ಪಿತು. ಪೇಪರಿನವರೇ ಬರೆದಿದ್ದಾರೆ.

ಮೊನ್ನೆ ಸ್ಟೇಷನ್ನಿನಲ್ಲಿ ನನ್ನ ಜಟಕಾ ಹತ್ತಿದ ಮೇಷ್ಟ್ರೊಬ್ಬರು ಪೇಪರ್ ಬಿಚ್ಚಿಕೊಂಡು, "ನೋಡಯ್ಯ, ಆಫ್ರಿಕಾದ ಡರ್ಬನ್ ಪಟ್ಟಣದಲ್ಲಿ ನಮ್ಮ ಮೈಸೂರಿನವನೊಬ್ಬ ಬಿಳಿಯರ ಬೆಂಚಿನ ಮೇಲೆ ಕೂತು ಜೈಲಿಗೆ ಹೋಗಿದ್ದಾನೆ. ಚೆಲುವರಾಜು ಅಂತೆ. ಎಂಥ ಗಂಡು!" ಅಂದರು. ನಾನು ತಿರುಗಿ ನೋಡಿದೆ. ನಿನ್ನದೇ ಮುಖ. ಆ ಮೂಗು ಅಪ್ಪನದು. "ನನ್ ತಮ್ಮ ಕಣ್ ಸ್ವಾಮಿ" ಅಂದೆ. ಮೇಷ್ಟ್ರು ನನ್ನ ಮುಖ ನೋಡಿದರು, ಕುದುರೆಯ ಮುಖ ನೋಡಿದರು, ನಕ್ಕರು. ಸಂತೆಪೇಟೆ ಬರುವವರೆಗೂ ನಂಬಲಿಲ್ಲ. ಇಳಿಯುವಾಗ, "ಹಾಸ್ಯ ಚೆನ್ನಾಗಿ ಮಾಡ್ತೀಯಪ್ಪ" ಅಂದುಬಿಟ್ಟು ಹೋದರು.

ಕೂತದ್ದಕ್ಕೆಲ್ಲ ಪೇಪರಿನಲ್ಲಿ ಹಾಕುತ್ತಾರಾ? ನಾನು ಮೀಸೆ ಮೂಡಿದಾಗಿನಿಂದ ಗಾಡಿಯ ಹಲಗೆ ಮೇಲೆ ಕೂತಿದ್ದೇನೆ. ಯಾವನೂ ಫೋಟೋ ಹಿಡಿಯಲಿಲ್ಲ.

ಮೀಸೆ ಅಂದಾಗ ನೆನಪಾಯಿತು. ಮಾವ ಡರ್ಬನ್ನಿನಿಂದ ಬಂದು ನಮ್ಮಿಬ್ಬರಲ್ಲಿ ಒಬ್ಬನನ್ನು ಕರೆದುಕೊಂಡು ಹೋಗುತ್ತೇನೆ ಅಂದಾಗ, ಹೋಗಬೇಕಾದವನು ನಾನು. ಅಲ್ಲಿಯ ಕಾನೂನು ಹದಿನಾರು ತುಂಬದ ಹುಡುಗರನ್ನಷ್ಟೇ ಒಳಗೆ ಬಿಡುತ್ತದೆ ಅಂದ ಮಾವ. ನನ್ನ ಮೇಲ್ದುಟಿ ನೋಡಿದ, ನಿನ್ನ ಕೈ ಹಿಡಿದುಕೊಂಡ. ಎರಡೆಳೆ ಕೂದಲಿಗೆ ನಾನು ಜಟಕಾದವನಾದೆ, ನೀನು ಲೀಡರ್ ಆದೆ. ನೀನಾಗ ಹತ್ತು ವರ್ಷದವನು, ನಿನಗೆ ಇದೆಲ್ಲ ನೆನಪಿರಲಾರದು. ನನಗಿದೆ.

ಅವ್ವ ಆ ಪೇಪರ್ ಕತ್ತರಿಸಿ ದೇವರ ಗೂಡಿನಲ್ಲಿ ಚಾಮುಂಡಿ ಪಟದ ಪಕ್ಕ ಅಂಟಿಸಿದ್ದಾಳೆ. ದಿನಾ ನಿನಗೆ ಕುಂಕುಮ, ಹೂವು. ದೀಪದ ಎಣ್ಣೆ ತರುವವನು ನಾನು. ನಿನ್ನೆ ಬೀದಿಯವರ ಮುಂದೆಲ್ಲ ಹೇಳಿಕೊಂಡಳು: "ನಾನ್ ಸತ್ರೆ ನನ್ ಬೆಂಕಿ ಚೆಲುವನ್ ಕೈದೇ. ಅಪ್ಪಂಗೆ ಹಿರಿಮಗ, ಅವ್ವಂಗೆ ಕಿರಿಮಗ. ಪುಟ್ಟಸ್ವಾಮಿ ಅವರಪ್ಪಂಗೆ ಇಟ್ಟಾಯ್ತಲ್ಲ." ಆಗ ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವನು ನಾನು. ತಿಕ್ಕುವುದನ್ನು ನಿಲ್ಲಿಸಲಿಲ್ಲ, ಅಷ್ಟೆ.

ಪುಟ್ಟಸ್ವಾಮಿ


ಡರ್ಬನ್
20–11–1952

ಅಣ್ಣಯ್ಯನವರಿಗೆ ಚೆಲುವರಾಜು ಪಾದಮುಟ್ಟಿ ಬರೆದ ಕಾಗದ.

ನಿಮ್ಮ ಕಾಗದ ಬಿಡುಗಡೆಯ ದಿನ ಜೈಲಿನ ಬಾಗಿಲಲ್ಲಿ ಸಿಕ್ಕಿತು. ಆಗಲೇ ಯಾರೋ ಒಡೆದು ಓದಿದ್ದರು. ಇನ್ನು ಮುಂದೆ ನನಗಿಂತ ಮೊದಲು ಪೊಲೀಸರು ಓದುತ್ತಾರೆ ಎಂದು ತಿಳಿದೇ ಬರೆಯಿರಿ.

ಪೇಪರಿನವರು ದೊಡ್ಡದು ಮಾಡಿದ್ದಾರೆ. ನಡೆದದ್ದು ಇಷ್ಟೆ. ರೈಲು ತಡವಾಗಿತ್ತು. ಮೂಟೆ ಹೊತ್ತ ಕಪ್ಪು ಹೆಂಗಸೊಬ್ಬಳು ನಿಂತಿದ್ದಳು, ನಿಲ್ಲಲಾರದ ವಯಸ್ಸು. ಪಕ್ಕದಲ್ಲೇ ಖಾಲಿ ಬೆಂಚು, ಅದರ ಮೇಲೆ ಬಿಳಿಯರಿಗೆ ಮಾತ್ರ ಎಂಬ ಹಲಗೆ. ಇಂಥ ಕಾನೂನುಗಳನ್ನು ಬೇಕೆಂದೇ ಮುರಿಯಬೇಕೆಂದು ಇಲ್ಲಿಯ ನಮ್ಮ ಭಾರತೀಯರ ಕಾಂಗ್ರೆಸ್ಸಿನವರೂ ಕಪ್ಪು ಜನರ ಕಾಂಗ್ರೆಸ್ಸಿನವರೂ ಸೇರಿ ತೀರ್ಮಾನಿಸಿದ್ದೆವು. ಅವಳನ್ನು ಕೂರಿಸಿ ನಾನೂ ಕೂತೆ. ಅವಳ ಮುಖ ಅವ್ವನ ಹಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವನ ಮುಖ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ.

ಜೈಲಿನಲ್ಲಿ ಕಷ್ಟವೇನೂ ಆಗಲಿಲ್ಲ. ಬೆರಳಿಗೆ ಸ್ವಲ್ಪ ಪೆಟ್ಟಾಗಿದೆ. ಅಕ್ಷರ ಓರೆಯಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಒಂದು ಮಾತು ಕೇಳಲೇ? ಜಟಕಾ ಸ್ಟ್ಯಾಂಡಿನಲ್ಲಿ ಲಗಾಮು ಹೊಲಿದುಕೊಡುತ್ತಿದ್ದ ಮರಿಯಯ್ಯ ಇದ್ದಾನೆಯೇ? ಅವನ ಕೈಯ ಲಗಾಮು ಎಲ್ಲ ಗಾಡಿಗೂ ಬೇಕಿತ್ತು, ಅವನನ್ನು ಮಾತ್ರ ಯಾವ ಗಾಡಿಗೂ ಹತ್ತಿಸುತ್ತಿರಲಿಲ್ಲ. ಈಗ ಹತ್ತಿಸುತ್ತೀರಾ?

ನಿಮ್ಮ ತಮ್ಮ
ಚೆಲುವರಾಜು


ಮೈಸೂರು
2–2–1953

ಚೆಲುವ,

ನನ್ನ ಗಾಡಿಗೆ ಯಾರು ಹತ್ತಬೇಕು ಅನ್ನುವುದನ್ನು ಡರ್ಬನ್ನಿನಿಂದ ಹೇಳಬೇಡ. ಮರಿಯಯ್ಯನನ್ನು ಹತ್ತಿಸಿದರೆ ಆಮೇಲೆ ಯಾರು ಹತ್ತುತ್ತಾರೆ? ಕುದುರೆಗೆ ಹುರುಳಿ ಯಾರು ಹಾಕುತ್ತಾರೆ? ನಿಮ್ಮ ಕಾಂಗ್ರೆಸ್ಸಾ?

ಅಣ್ಣನಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ. ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿದೆ. ಊರಿಗೆಲ್ಲ ಭಾಷಣ ಬರೆಯುವಾಗ ದುಂಡಗೆ ಬರೆಯುತ್ತೀಯೇನೋ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನು, ನನ್ನ ಅಕ್ಷರವೇ ವಾಸಿ.

ಅವ್ವ ಚೆನ್ನಾಗಿದ್ದಾಳೆ.

ಪುಟ್ಟಸ್ವಾಮಿ


ಮೈಸೂರು
14–11–1955

ಚೆಲುವರಾಜನಿಗೆ,

ಬಹಳ ದಿನ ಬರೆಯಲಿಲ್ಲ. ಕೋಪ ಇತ್ತು. ಈಗಲೂ ಇದೆ. ಅವ್ವ "ಬರಿ, ಬರಿ" ಅಂತ ಪ್ರಾಣ ತಿನ್ನುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷದ ವಿಜಯದಶಮಿಯ ದಿನ ಅವ್ವನನ್ನು ಬನ್ನಿಮಂಟಪಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ಸು ಬರುವಾಗ ದಾರಿ ಪಕ್ಕ ನಿನ್ನ ಮರಿಯಯ್ಯ ಕೂತಿದ್ದ. ಜನರ ನೂಕಾಟದಲ್ಲಿ ಬಿದ್ದು ಕಾಲು ಮುರಿದಿತ್ತು. ನಾನು ಲಗಾಮು ಎಳೆಯಲಿಲ್ಲ. ಹಿಂದಿನಿಂದ ಅವ್ವ ಊರುಗೋಲಿನಲ್ಲಿ ನನ್ನ ಬೆನ್ನಿಗೆ ತಿವಿದಳು.

"ನಿಲ್ಸೋ. ಅವನ್ನ ಹತ್ತುಸ್ಕೋ."

"ಅವ್ವ, ನಾಳೆಯಿಂದ ಯಾರೂ ನನ್ ಗಾಡಿ ಹತ್ತಲ್ಲ."

"ಯಾಕ್ ಹತ್ತಲ್ಲ? ನಾನ್ ಹತ್ತಿಲ್ವಾ? ಚೆಲುವ ಅಲ್ಲಿ ಬೆಂಚ್ ಮೇಲೆ ಕೂರ್ಸಿದ್ದು ಇಂಥವ್ರನ್ನೇ ತಾನೆ? ನಿನ್ ಕೈಲಿ ಆಗಕಿಲ್ವಾ?"

ಆ ಕೊನೆಯ ಮಾತು ಆಡಬಾರದಿತ್ತು. ಆ ಸಿಟ್ಟಿಗೇ ಇಳಿದು ಅವನನ್ನು ಎತ್ತಿ ಕೂರಿಸಿ ದೊಡ್ಡಾಸ್ಪತ್ರೆಗೆ ಹೊಡೆದೆ. ಮಾರನೆ ದಿನ ಒಬ್ಬ ಗಿರಾಕಿ ಹತ್ತುವ ಮುಂಚೆ, "ಚಾಪೆ ತೊಳೆದೆಯೇನೋ?" ಅಂದ. "ಗಾಡಿ ನಿಮ್ಮ ಕಾಲಿಗಿಂತ ಚೊಕ್ಕಟವಾಗಿದೆ, ನಡಕೊಂಡು ಹೋಗಿ" ಅಂದೆ. ಸ್ಟ್ಯಾಂಡಿನವರು ವಾರಗಟ್ಟಲೆ ನನ್ನ ಸರದಿ ತಪ್ಪಿಸಿದರು. ನಿನ್ನ ಅತ್ತಿಗೆ ದೇವಿರಮ್ಮ ತವರಿಂದ ರಾಗಿ ತಂದು ಮನೆ ನಡೆಸಿದಳು. ಈಗ ಮರಿಯಯ್ಯ ಬೇಕಾದಾಗ ನನ್ನ ಗಾಡಿ ಹತ್ತುತ್ತಾನೆ. ಬೇಡದಿದ್ದಾಗಲೂ ಹತ್ತುತ್ತಾನೆ. ಬಾಯಿ ಬಡುಕ.

ಇದನ್ನು ಯಾವ ಪೇಪರೂ ಹಾಕಲಿಲ್ಲ. ಅವ್ವ ಆ ರಾತ್ರಿ ದೇವರ ಗೂಡಿನ ಮುಂದೆ ಕೈ ಮುಗಿದು, "ನಿನ್ ಪುಣ್ಯ ಕಣಪ್ಪ ಚೆಲುವ" ಅಂದಳು. ಎತ್ತಿ ಕೂರಿಸಿದವನು ನಾನು, ಪುಣ್ಯ ನಿನ್ನದು.

ಪುಟ್ಟಸ್ವಾಮಿ


ಡರ್ಬನ್
6–3–1956

ಅಣ್ಣಯ್ಯನವರಿಗೆ ನಮಸ್ಕಾರ.

ಸರ್ಕಾರ ನನ್ನ ಮೇಲೆ ನಿರ್ಬಂಧ ಹಾಕಿದೆ. ಐದು ವರ್ಷ ಈ ಪಟ್ಟಣದ ಗಡಿ ದಾಟುವಂತಿಲ್ಲ, ಭಾಷಣ ಮಾಡುವಂತಿಲ್ಲ, ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಕೂತು ಮಾತಾಡುವಂತಿಲ್ಲ. ಊಟಕ್ಕೆ ಇಬ್ಬರು ಬಂದರೆ ಒಬ್ಬರು ಹಿತ್ತಲಲ್ಲಿ ಕಾಯಬೇಕು.

ನಿಮ್ಮ ಜಟಕಾದ ಕಥೆಯನ್ನು ಎಲ್ಲರಿಗೂ ಹೇಳಿದೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು. ಬಂದರಿನಲ್ಲಿ ಮೂಟೆ ಹೊರುವವರಿಗೆ ಹೇಳಿದೆ, ಮೇಷ್ಟರುಗಳಿಗೆ ಹೇಳಿದೆ. "ನಿಮ್ಮ ಕಾಲಿಗಿಂತ ಚೊಕ್ಕಟ" ಎಂಬುದು ಈಗ ಇಲ್ಲಿ ಗಾದೆಯ ಹಾಗಾಗಿದೆ. ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಅವ್ವ ಊರುಗೋಲಿನಲ್ಲಿ ತಿವಿದಳು ಎಂಬಲ್ಲಿಗೆ ಬಂದಾಗ ಮಾತ್ರ ಪ್ರತಿ ಸಲ ಅದನ್ನು ಎರಡು ಬಾರಿ ಹೇಳುತ್ತೇನೆ.

ಅವ್ವನ ವಿಚಾರ ಇನ್ನಷ್ಟು ಬರೆಯಿರಿ.

ಚೆಲುವರಾಜು


ಮೈಸೂರು
19–8–1958

ಚೆಲುವರಾಜನಿಗೆ,

ಅವ್ವನ ವಿಚಾರ ಬರಿ ಅಂತೀಯ. ಬರೆಯುತ್ತೇನೆ, ತಗೋ. ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಹೋಗಿದೆ. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು. ಮುದ್ದೆ ಮೆತ್ತಗಾದರೆ ತಟ್ಟೆ ತಳ್ಳುತ್ತಾಳೆ, ಗಟ್ಟಿಯಾದರೆ ನನ್ನ ಮುಖಕ್ಕೇ ಎಸೆಯುತ್ತಾಳೆ. ಮೊನ್ನೆ ಸೌಟಿನಲ್ಲಿ ಮಂಡೆಗೆ ಹೊಡೆದಳು. ಐವತ್ತು ವರ್ಷದ ಗಂಡಸು ನಾನು. ದೇವಿರಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಇದೆಲ್ಲ ನನ್ನ ಪಾಲು.

ನಿನ್ನ ಪಾಲು ಯಾವುದು ಕೇಳು. ಹೋದ ತಿಂಗಳು ಟೌನ್ ಹಾಲಿನಲ್ಲಿ ನಿನಗೆ ಸನ್ಮಾನ. ನೀನಿಲ್ಲವಲ್ಲ, ಅಣ್ಣನೇ ಬರಬೇಕು ಅಂತ ಮೂರು ಜನ ಬಂದು ಕರೆದರು. ಹೊಸ ಪಂಚೆ ಉಟ್ಟೆ, ಮೀಸೆಗೆ ಎಣ್ಣೆ ಹಚ್ಚಿದೆ. ವೇದಿಕೆ ಮೇಲೆ ಒಂದು ದೊಡ್ಡ ಕುರ್ಚಿ. ನನಗೇ ಅಂದುಕೊಂಡು ಕೂತುಬಿಟ್ಟೆ. ಒಬ್ಬ ಓಡಿ ಬಂದ. "ಯಜಮಾನ್ರೇ, ಸ್ವಲ್ಪ ಏಳ್ತೀರಾ? ಇದು ಚೆಲುವರಾಜು ಅವ್ರದ್ದು" ಅಂದ. ನಿನ್ನ ಫೋಟೋ ತಂದು ಕುರ್ಚಿಯಲ್ಲಿ ಕೂರಿಸಿದರು. ಹಾರ ಹಾಕಿದರು. ಜಾರುತ್ತಿತ್ತು ಅಂತ ಹಾರ ಹಿಡಿದುಕೊಂಡು ನಿಲ್ಲಲು ನನ್ನನ್ನು ಕುರ್ಚಿಯ ಹಿಂದೆ ನಿಲ್ಲಿಸಿದರು. ಭಾಷಣ ಮುಗಿಯುವವರೆಗೂ ಹಿಡಿದಿದ್ದೆ. ಬೆಂಚಿನಿಂದ ಏಳದೆ ನೀನು ದೊಡ್ಡವನಾದೆ, ಕುರ್ಚಿಯಿಂದ ಎದ್ದು ನಾನು ಏನಾದೆ?

ಭಾಷಣದಲ್ಲೇ ತಿಳಿಯಿತು. ಜೈಲಿನಲ್ಲಿ ನಿನ್ನ ಬಲಗೈ ಬೆರಳು ಮೂರನ್ನು ಬಾಗಿಲ ಸಂದಿಯಲ್ಲಿಟ್ಟು ಮುರಿದರಂತೆ. ಸಭೆಗೆ ಸಭೆಯೇ ಉಸ್ಸೆಂದಿತು. ನಾನೂ ಅವರ ಜೊತೆ ಮೊದಲ ಸಲ ಕೇಳಿದೆ. ನನಗೆ "ಸ್ವಲ್ಪ ಪೆಟ್ಟು" ಅಂತ ಬರೆದೆ. ನಾನು ನಿನ್ನ ಅಕ್ಷರಕ್ಕೆ ಕೋಳಿ ಅಂದೆ. ಊರಿನವರಿಗೆ ಹೇಳುವುದನ್ನು ಅಣ್ಣನಿಗೆ ಹೇಳುವುದಿಲ್ಲ, ಆಯಿತು, ಬಿಡು.

ಅವ್ವನಿಗೆ ಹೇಳಿಲ್ಲ.

ಪುಟ್ಟಸ್ವಾಮಿ


ಡರ್ಬನ್
11–10–1960

ಅಣ್ಣಯ್ಯನವರಿಗೆ ನಮಸ್ಕಾರ.

ಬೆರಳಿನ ವಿಚಾರ ಮುಚ್ಚಿಟ್ಟದ್ದಕ್ಕೆ ಎರಡು ವರ್ಷ ನೀವು ಬರೆಯಲಿಲ್ಲ. ಸರಿಯಾದ ಶಿಕ್ಷೆಯೇ. ಈ ಸಲ ಏನೂ ಮುಚ್ಚಿಡುವುದಿಲ್ಲ.

ಈ ವರ್ಷ ಇಲ್ಲಿ ಗುಂಡು ಹಾರಿಸಿ ಜನರನ್ನು ಕೊಂದರು. ತುರ್ತು ಪರಿಸ್ಥಿತಿ ಎಂದು ಸಾವಿರಾರು ಜನರನ್ನು ಒಳಗೆ ಹಾಕಿದರು, ನನ್ನನ್ನೂ. ಬಿಟ್ಟ ಮೇಲೆ ಒಬ್ಬ ಅಧಿಕಾರಿ ಕರೆಸಿ, "ನಿನ್ನ ತಾಯಿ ಮುದುಕಿ, ಹಾಸಿಗೆ ಹಿಡಿದಿದ್ದಾಳಲ್ಲ?" ಎಂದ. ನಿಮ್ಮ ಕಾಗದಗಳನ್ನು ಚೆನ್ನಾಗಿಯೇ ಓದಿದ್ದಾನೆ. ದೇಶ ಬಿಟ್ಟು ಹೋಗಲು ಅನುಮತಿ ಕೊಡುತ್ತಾನಂತೆ. ಆದರೆ ಹೋಗುವುದಕ್ಕೆ ಮಾತ್ರ. ಮತ್ತೆ ಈ ನೆಲಕ್ಕೆ ಕಾಲಿಡಬಾರದು. ಸಹಿ ಹಾಕಿದರೆ ಜನವರಿಯ ಹಡಗಿಗೆ ಹೊರಡಬಹುದು.

ನನ್ನ ಜೊತೆಯವರಲ್ಲಿ ಅರ್ಧ ಜನ ಜೈಲಿನಲ್ಲಿದ್ದಾರೆ. ನಾನು ಎದ್ದು ಹೋದರೆ ಉಳಿದವರ ಮನಸ್ಸು ಏನಾದೀತು ಎಂದು ಅವರಿಗೂ ಗೊತ್ತು, ಅದಕ್ಕೇ ಹಡಗು ತೋರಿಸುತ್ತಿದ್ದಾರೆ. ಆದರೆ ಅವ್ವ ತನ್ನ ಬೆಂಕಿ ನನ್ನ ಕೈಯದು ಎಂದಿದ್ದಾಳೆ. ಅವಳಿಗೆ ನಾನು ಬೇರೆ ಏನನ್ನೂ ಕೊಟ್ಟಿಲ್ಲ.

ಅಣ್ಣಯ್ಯ, ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಮೊದಲ ಕಾಗದದಿಂದ ಬಲ್ಲೆ. ನನ್ನದು ನಿಮಗೆ ಗೊತ್ತಿಲ್ಲ. ಎಣ್ಣೆ ತಿಕ್ಕಿದೆ ಎಂದು ಬರೆಯುತ್ತೀರಿ, ಬೆನ್ನಿಗೆ ತಿವಿದಳು ಎಂದು ಬರೆಯುತ್ತೀರಿ, ಸೌಟಿನಲ್ಲಿ ಹೊಡೆದಳು ಎಂದು ಬರೆಯುತ್ತೀರಿ. ನೀವು ಜಂಬ ಕೊಚ್ಚುತ್ತಿದ್ದೀರಿ ಎಂದೇ ನಾನು ಓದಿಕೊಳ್ಳುತ್ತಿದ್ದೆ. ಆ ಸೌಟಿನ ಏಟನ್ನು ಓದಿದ ರಾತ್ರಿ ನಾನು ಕಾಗದ ಹರಿದುಹಾಕಿದೆ. ಬೆಳಿಗ್ಗೆ ಮತ್ತೆ ಅಂಟಿಸಿದೆ.

ಅವ್ವನನ್ನು ಕೇಳಬೇಡಿ, ಬಾ ಎಂದೇ ಹೇಳುತ್ತಾಳೆ. ನೀವು ಹೇಳಿ. ಅವಳ ಸ್ಥಿತಿ ಇದ್ದದ್ದು ಇದ್ದಂತೆ ಬರೆಯಿರಿ. ನೀವು ಬಾ ಎಂದರೆ ಬರುತ್ತೇನೆ.

ಚೆಲುವರಾಜು


ಮೈಸೂರು
4–11–1960

ಚೆಲುವರಾಜನಿಗೆ,

ಅವ್ವ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ಬೈಯುತ್ತಾಳೆ.

ಬರಬೇಡ.

ಪುಟ್ಟಸ್ವಾಮಿ

ಕಾಗದ ಓದುವ ಪೊಲೀಸಪ್ಪನಿಗೆ: ನೀನೂ ಓದಿಕೋ. ಅವನು ಬರುವುದಿಲ್ಲ. ಹಡಗಿನ ಜಾಗ ಬೇರೆಯವರಿಗೆ ಕೊಡು.


ಡರ್ಬನ್
9–1–1961

ಅಣ್ಣಯ್ಯನವರಿಗೆ ನಮಸ್ಕಾರ.

ನಾನು ಸಹಿ ಹಾಕಲಿಲ್ಲ. ಮತ್ತೆ ಐದು ವರ್ಷದ ನಿರ್ಬಂಧ ಬಂತು.

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಇಷ್ಟು ಚಿಕ್ಕ ಕಾಗದ ನೀವು ಬರೆದವರಲ್ಲ. ಅದರಲ್ಲಿ ನನ್ನನ್ನು ಬೈದಿಲ್ಲ. ಹುರುಳಿಯ ಬೆಲೆಯಿಲ್ಲ, ಮರಿಯಯ್ಯನ ಬಾಯಿಯಿಲ್ಲ. ಅಣ್ಣಯ್ಯ, ಮನೆಯಲ್ಲಿ ಏನಾಗಿದೆ? ದಯವಿಟ್ಟು ಎಂದಿನ ಹಾಗೆ ಬೈದು ಒಂದು ಕಾಗದ ಹಾಕಿ.

ಚೆಲುವರಾಜು


ಮೈಸೂರು
27–2–1961

ಚೆಲುವ,

ಅವ್ವ ಹೋದಳು. ಹೋದ ಸೋಮವಾರ ಬೆಳಿಗ್ಗೆ. ಬೀದಿಯವರೆಲ್ಲ ಬಂದಿದ್ದರು. ಚಟ್ಟಕ್ಕೆ ಮರಿಯಯ್ಯ ಹೆಗಲು ಕೊಟ್ಟ, ಬೀದಿಯ ಯಜಮಾನ ಶಿವಮಲ್ಲಪ್ಪ ಮುಖ ತಿರುಗಿಸಿಕೊಂಡರು. ಯಾರೂ ಕೆಳಗಿಳಿಸು ಅನ್ನಲಿಲ್ಲ. ನನ್ನ ಕಣ್ಣು ನೋಡಿರಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಚೆನ್ನಾಗಿದ್ದಾಳೆ ಅಂತ ಬರೆದ ದಿನ ಅವಳು ತಲೆ ಎತ್ತಲೂ ಆಗದೆ ಮಲಗಿದ್ದಳು. ಡಾಕ್ಟರು ಬೇಸಿಗೆ ಕಾಣುವುದಿಲ್ಲ ಅಂದಿದ್ದರು. ಹಡಗು ಹತ್ತಿದ್ದರೆ ನೀನು ಮುಖ ನೋಡುತ್ತಿದ್ದೆ. ಗೊತ್ತಿದ್ದೇ ಸುಳ್ಳು ಬರೆದೆ. ದೇಶಕ್ಕೋಸ್ಕರ ಬರೆದೆ ಅಂತ ಟೌನ್ ಹಾಲಿನವರು ಹೇಳಿಯಾರು. ನಾನು ಹೇಳುವುದಿಲ್ಲ. ಅವಳನ್ನು ಎತ್ತಿದ್ದು ನಾನು, ತೊಳೆದದ್ದು ನಾನು. ಕೊನೆಗೆ ಸೂಟು ಹಾಕಿಕೊಂಡು ನೀನು ಬಂದು ಬೆಂಕಿ ಇಟ್ಟು ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಆ ಬೆಂಕಿ ನನಗೆ ಬೇಕಿತ್ತು.

ಬಾ ಅಂತ ಬರೆಯೋಣ ಅಂತಲೂ ಅನ್ನಿಸಿತ್ತು. ಅದೂ ಪ್ರೀತಿಯಿಂದಲ್ಲ. ಬಂದರೆ ನೀನೂ ನನ್ನ ಹಾಗೆ ಕುಂಬಾರಕೊಪ್ಪಲಿನಲ್ಲಿ ಯಾರಿಗೂ ಬೇಡದವನಾಗಿ ಕೂತಿರುತ್ತೀಯ ಅನ್ನುವ ಆಸೆ. ಇದನ್ನೆಲ್ಲ ಮರಿಯಯ್ಯನ ಹತ್ತಿರ ಅಂದೆ. ಅವನು ಲಗಾಮು ಹೊಲಿಯುತ್ತಾ, "ಪುಟ್ಟಸಾಮಣ್ಣ, ಮುಂದ್ಲವನು ಇಳ್ದುಬುಟ್ರೆ ಗಾಡಿ ಹಿಂದಕ್ ವಾಲ್ತದೆ, ಹಿಂದೆ ಕೂತೋರೆಲ್ಲ ಬೀಳ್ತಾರೆ. ನಿಂಗೊತ್ತಿಲ್ವಾ?" ಅಂದ. ಜಟಕಾದವನಿಗೆ ಜಟಕಾದ ಪಾಠ. ಬೈದು ಬಂದು ಬರಬೇಡ ಅಂತ ಬರೆದೆ. ಬೆಂಕಿಯ ಆಸೆಗೋ ಮರಿಯಯ್ಯನ ಮಾತಿಗೋ ನನಗೇ ಗೊತ್ತಿಲ್ಲ.

ಆಮೇಲೆ ನಡೆದದ್ದು ಕೇಳು. ಸಂಕ್ರಾಂತಿ ಕಳೆದ ಮೇಲೆ ಅವ್ವನಿಗೆ ಕಣ್ಣು ಮಂಜಾಯಿತು. ನನ್ನ ಕೈಯಿಂದ ಗಂಜಿ ಕುಡಿಯುತ್ತಿರಲಿಲ್ಲ, ತುಟಿ ಬಿಗಿಹಿಡಿಯುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಸವರಿ, "ಚೆಲುವನಾ? ಬಂದ್ಬುಟ್ಟಾ?" ಅಂದಳು. ಪಕ್ಕದಲ್ಲಿದ್ದ ದೇವಿರಮ್ಮ ನನ್ನ ಮುಖ ನೋಡಿದಳು. ನಾನು ಅಲ್ಲ ಅನ್ನಬೇಕಿತ್ತು. "ಹೂಂ ಕಣವ್ವ, ಬಂದೆ" ಅಂದೆ. ಬಾಯಿ ತೆರೆದಳು. ಬಟ್ಟಲು ಪೂರ್ತಿ ಕುಡಿದಳು.

ಅವತ್ತಿಂದ ಸಾಯುವವರೆಗೂ ನಾನು ಚೆಲುವನಾಗಿದ್ದೆ. ಒಂದು ಸಲವೂ ಬೈಯಲಿಲ್ಲ. ಗಂಜಿ ಉಗುಳಲಿಲ್ಲ. ಕೆನ್ನೆ ಸವರುತ್ತಿದ್ದಳು. ನನಗೆ ಎಷ್ಟು ಉರಿಯುತ್ತಿತ್ತು ಅಂದರೆ, ಎದ್ದು ಹಿತ್ತಲಿಗೆ ಹೋಗಿ ಬಾವಿ ಕಟ್ಟೆಗೆ ಕೈ ಗುದ್ದಿ ಮತ್ತೆ ಬಂದು ಚೆಲುವನಾಗಿ ಕೂರುತ್ತಿದ್ದೆ. ಅದೇ ಗಂಜಿ, ಅದೇ ಕೈ.

ಸುಡುಗಾಡಿನಲ್ಲಿ ನೀರಿನ ಮಡಕೆ ಹೊತ್ತು ಸುತ್ತು ಬಂದೆ. ನಮ್ಮ ಬೀದಿಯ ಪದ್ಧತಿ ನಿನಗೆ ಮರೆತಿರಬಹುದು. ಮಡಕೆ ಒಡೆದ ಮೇಲೆ ಯಜಮಾನ ಹಿಂದಿನಿಂದ ಕೂಗುತ್ತಾನೆ, "ಯಾರ್ ಕೈ ಬೆಂಕಿ?" ಬೆಂಕಿ ಇಡುವವನು ತನ್ನ ಹೆಸರು ಗಟ್ಟಿಯಾಗಿ ಹೇಳಬೇಕು, ಹೇಳಿ ತಿರುಗಿ ನೋಡದೆ ಇಡಬೇಕು. ಆ ಕೂಗಿಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆ ಅಂತ ನಿನಗೆ ಗೊತ್ತು. ಅದಕ್ಕೋಸ್ಕರ ನಿನಗೆ ಸುಳ್ಳು ಬರೆದವನು ನಾನು.

ಶಿವಮಲ್ಲಪ್ಪ ಕೂಗಿದರು.

"ಚೆಲುವರಾಜನ ಕೈ" ಅಂದೆ.

ಅವರು ತಪ್ಪು ಕೇಳಿಸಿತೇನೋ ಅಂತ ಇನ್ನೊಂದು ಸಲ ಕೂಗಿದರು. ಮತ್ತೆ ಅದನ್ನೇ ಅಂದೆ. ಯಾರ ಕೈ ಅಂದುಕೊಂಡು ಉಂಡಳೋ ಆ ಕೈಯೇ ಬೆಂಕಿಯನ್ನೂ ಇಡಬೇಕಲ್ಲ. ಇಲ್ಲವಾದರೆ ನಾನು ಅವಳಿಗೆ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ನಿನಗೆ ಹೇಳಿದ ಸುಳ್ಳು ಇರಲಿ, ಅವಳಿಗೆ ಹೇಳಿದ್ದು ಸುಳ್ಳಾಗಬಾರದು.

ಹಾಗಾಗಿ ಅದೂ ನಿನಗೇ ಹೋಯಿತು. ಜಂಬಪಡಬೇಡ. ಅಲ್ಲೇ ಇರು, ಆ ಬೆಂಚು ಬಿಟ್ಟು ಎದ್ದೆ ಅಂತ ಪೇಪರಿನಲ್ಲಿ ಓದಿದರೆ ಹಡಗು ಹತ್ತಿ ಬಂದು ಹೊಡೆಯುತ್ತೇನೆ. ಈಗ ನನಗೆ ಮೀಸೆ ನೆರೆತಿದೆ, ಯಾವ ಕಾನೂನು ತಡೆಯುತ್ತದೋ ನೋಡುತ್ತೇನೆ.

ಇನ್ನೊಂದಿದೆ. ಬರೆಯಬಾರದು ಅಂದುಕೊಂಡಿದ್ದೆ. ಹೋಗುವ ಹಿಂದಿನ ದಿನ ಅವ್ವ ನನ್ನ ಕೈ ಹಿಡಿದುಕೊಂಡು, "ಚೆಲುವ, ನಿಮ್ಮಣ್ಣ ಎಲ್ಲೋ? ಗಾಡಿ ಕಟ್ಕೊಂಡ್ ಹೋದ್ನಾ? ಮುಂಗೋಪಿ, ಹೊಟ್ಟೆಗಿಲ್ದಂಗೆ ತಿರುಗ್ತಾನೆ. ಉಂಡ್ನಾ ನೋಡೋ ಅವ್ನು" ಅಂದಳು.

ಇಷ್ಟು ವರ್ಷ ಅವಳ ಪಕ್ಕದಲ್ಲೇ ಇದ್ದೆ. ಉಂಡೆಯೇನೋ ಅಂತ ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳಿದಳು. ಅದನ್ನೂ ನಿನ್ನನ್ನೇ ಕೇಳಿದಳು.

"ಉಂಡ ಕಣವ್ವ" ಅಂದೆ, ನಿನ್ನ ಬಾಯಲ್ಲಿ.

ನಾನು ಉಂಡಿರಲಿಲ್ಲ.

ಪುಟ್ಟಸ್ವಾಮಿ